ಹಗುರವಾದ ಫೈಬರ್ ಕ್ಯಾಂಪರ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟುವುದು: ದಾವಣಗೆರೆಯ ಶೆಡ್‌ನಿಂದ ಒಂದು ಸಮಗ್ರ ಮಾರ್ಗದರ್ಶಿ

ಚಿಕ್ಕಂದಿನಲ್ಲಿ ಜೋಳದ ದಂಟು ಸೀಳಿ ಬಂಡಿ ಮಾಡಿ ಆಡಿದವರಿಗೆ ಈ ಕೆಲಸದ ಅರ್ಧ ಪಾಠ ಆಗಲೇ ಆಗಿದೆ. ದಂಟಿನ ಸಿಪ್ಪೆ ತೆಳು, ಗಟ್ಟಿ, ಬೆರಳು ಕೊಯ್ಯುವಷ್ಟು ಚೂಪು. ಒಳಗಿನ ಬೆಂಡು ಉಗುರು ಊರಿದರೆ ಕುಸಿಯುವಷ್ಟು ಮೆತ್ತಗೆ. ಬಿಡಿಸಿ ಹಿಡಿದರೆ ಸಿಪ್ಪೆ ಬಳುಕುತ್ತದೆ, ಬೆಂಡು ಮುರಿಯುತ್ತದೆ. ಎರಡೂ ಅಂಟಿಕೊಂಡಿರುವಾಗ ಮಾತ್ರ ಆಳೆತ್ತರದ ದಂಟು ತೆನೆ ಹೊತ್ತು ಗಾಳಿಗೆ ನಿಲ್ಲುತ್ತದೆ. ನಾವು ಕಟ್ಟಹೊರಟಿರುವ ಗೋಡೆಯೂ ಇದೇ: ನಡುವೆ ಫೋಮ್ ಎಂಬ ಬೆಂಡು, ಎರಡೂ ಬದಿಗೆ ಗಾಜಿನ ನೂಲಿನ ಬಟ್ಟೆ ಮತ್ತು ರೆಸಿನ್ ಎಂಬ ಗಟ್ಟಿಯಾಗುವ ಅಂಟು ಸೇರಿದ ಸಿಪ್ಪೆ. ಮುಂದೆಯೂ ಇದೇ ಎರಡು ಪದ ಬಳಸುತ್ತೇನೆ.

ನಾನು ಇದನ್ನು ಕಟ್ಟಿದ್ದು ಭಾವನ ಟಾಟಾ ಏಸ್‌ಗಾಗಿ. ಇಬ್ಬರು ಮಲಗಬಹುದಾದ, ಬೇಡವಾದಾಗ ನಾಲ್ವರು ಹಿಡಿದು ಕೆಳಗಿಳಿಸಬಹುದಾದ ಪೆಟ್ಟಿಗೆ. ಎರಡು ಚಳಿಗಾಲ ಹಿಡಿಯಿತು. ಒಂದೇ ಚಳಿಗಾಲ ಸಾಕಾಗುತ್ತಿತ್ತು. ಮೊದಲ ವರ್ಷ ಮಾಡಿದ ನೆಲದ ಹಲಗೆಯ ಸಿಪ್ಪೆ ಹಪ್ಪಳದ ಹಾಗೆ ಎದ್ದು ಬಂತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ತಕ್ಕಡಿ, ಆಮೇಲೆ ಗರಗಸ

ಏಸ್ ಜಾತಿಯ ಗಾಡಿ ಮುಕ್ಕಾಲು ಟನ್ ಆಸುಪಾಸು ಹೊರುತ್ತದೆ. ನಿಮ್ಮ ಗಾಡಿ ಎಷ್ಟು ಹೊರಬಹುದೆಂದು ತಿಳಿಯಲು ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಅಷ್ಟು ಹೊರುವುದಾದರೆ ಹಗುರವಾಗಿಯೇ ಏಕೆ ಕಟ್ಟಬೇಕು ಎಂದು ಕೇಳಬಹುದು. ಚಿಂತೆ ಇರುವುದು ತೂಕ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದರಲ್ಲಿ. ಮೆಕ್ಕೆಜೋಳದ ಮೂಟೆಗಳು ಗಾಡಿಯ ತೊಟ್ಟಿಯಲ್ಲಿ ತಗ್ಗಾಗಿ ಮಲಗಿರುತ್ತವೆ. ನಮ್ಮ ಪೆಟ್ಟಿಗೆ ನೆಟ್ಟಗೆ ನಿಂತಿರುತ್ತದೆ. ತಲೆಯ ಮೇಲಿನ 50 ಕೆ.ಜಿ. ತಿರುವಿನಲ್ಲಿ ಕಾಲಡಿಯ 200 ಕೆ.ಜಿ.ಗಿಂತ ಹೆಚ್ಚು ಕಾಡಬಲ್ಲದು. ಜೊತೆಗೆ, ಇಳಿಸುವಾಗ ಎತ್ತುವವರ ಸೊಂಟವನ್ನೂ ನೋಡಬೇಕಲ್ಲ.

ನಮ್ಮ ಪೆಟ್ಟಿಗೆಯ ಹೊರ ಅಳತೆ: ಉದ್ದ 2150, ಅಗಲ 1440, ಎತ್ತರ 1600 ಮಿ.ಮೀ. ಆರೂ ಮೈ ಸೇರಿ ಸುಮಾರು 18 ಚದರ ಮೀಟರ್. ಒಂದು ಚದರ ಮೀಟರ್ ಗೋಡೆಯ ಲೆಕ್ಕ ಹೀಗಿದೆ. ಘನ ಮೀಟರಿಗೆ 35 ಕೆ.ಜಿ. ತೂಗುವ 40 ಮಿ.ಮೀ. ದಪ್ಪದ ಬೆಂಡು 1.4 ಕೆ.ಜಿ. ಹೊರಗೆ 300 ಗ್ರಾಂ ಬಟ್ಟೆಯ ಎರಡು ಪದರ, ಅಷ್ಟೇ ತೂಕದ ರೆಸಿನ್ ಸೇರಿ 1.2 ಕೆ.ಜಿ. ಒಳಗೆ ಒಂದು ಪದರ 0.6 ಕೆ.ಜಿ. ಬೆಂಡಿನ ರಂಧ್ರ ಮುಚ್ಚುವ ಲೇಪ ಎರಡೂ ಬದಿಗೆ ಸೇರಿ 0.4 ಕೆ.ಜಿ. ಒಟ್ಟು 3.6 ಕೆ.ಜಿ. ಹದಿನೆಂಟರಿಂದ ಗುಣಿಸಿದರೆ 65. ಮೂಲೆಯ ಪಟ್ಟಿ, ಬೋಲ್ಟ್ ಜಾಗದ ಮರ, ಪುಟ್ಟಿ, ಬಣ್ಣಕ್ಕೆ ಇನ್ನೊಂದು 20–25 ಸೇರಿಸಿ. ಕಿಟಕಿ, ಬಾಗಿಲಿನ ಚೌಕಟ್ಟು ಬಿಟ್ಟು ಸುಮಾರು 90 ಕೆ.ಜಿ.

ಇದೇ ಪೆಟ್ಟಿಗೆಯನ್ನು 1 ಮಿ.ಮೀ. ಕಬ್ಬಿಣದ ತಗಡಿನಲ್ಲಿ ಮಾಡಿದರೆ ಚದರ ಮೀಟರಿಗೆ 7.85 ಕೆ.ಜಿ.ಯಂತೆ ಬರಿಯ ತಗಡೇ 140 ದಾಟುತ್ತದೆ, ಆಂಗಲ್ ಚೌಕಟ್ಟು ಬೇರೆ. ಹನ್ನೆರಡು ಮಿ.ಮೀ. ಪ್ಲೈವುಡ್ಡಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಏಪ್ರಿಲ್ ಮಧ್ಯಾಹ್ನದಲ್ಲಿ ತಗಡಿನ ಪೆಟ್ಟಿಗೆಯೊಳಗೆ ಮಲಗುವ ಸುಖವನ್ನು ನಾನು ವರ್ಣಿಸಬೇಕಾಗಿಲ್ಲ.

ಕೆಲಸ ಮುಗಿಯುವವರೆಗೂ ಪ್ರತಿ ಹಲಗೆಯನ್ನೂ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ರೆಸಿನ್ ಹೆಚ್ಚು ಸುರಿಯುವ ಚಾಳಿ ಬಿಡಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಆರ್‌ಟಿಒ ವಿಷಯ

ಇದನ್ನು ಕೊನೆಗೆ ತಳ್ಳಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಗಾಡಿಯ ಮೇಲೆ ಶಾಶ್ವತವಾಗಿ ಕ್ಯಾರವಾನ್ ಕಟ್ಟುವವರಿಗೆ ಎಐಎಸ್ 124 ಎಂಬ ಮಾನದಂಡವೇ ಇದೆ, ಅದು ಮನೆಯ ಶೆಡ್ಡಿಗೆ ಎಟುಕುವ ಮಾತಲ್ಲ. ಹಾಗಾಗಿ ನಾನು ಗಾಡಿಯ ಯಾವ ಭಾಗವನ್ನೂ ಕೊರೆಯದೆ, ಬೆಸುಗೆ ಹಾಕದೆ, ಇಳಿಸಿಡಬಹುದಾದ ಪೆಟ್ಟಿಗೆಯನ್ನೇ ಆರಿಸಿಕೊಂಡೆ. ಇಳಿಸಬಹುದು ಎಂದ ಮಾತ್ರಕ್ಕೆ ಅನುಮತಿ ಸಿಕ್ಕಿತು ಎಂದಲ್ಲ. ನಕ್ಷೆ ಹಿಡಿದು ನಿಮ್ಮ ಊರಿನ ಕಚೇರಿಗೆ ಹೋಗಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೆಎ 17 ಇರಲಿ, ಕೆಎ 16 ಇರಲಿ, ಬಾಯಿಮಾತಿನ ಒಪ್ಪಿಗೆ ಹೆದ್ದಾರಿಯ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಗಾಡಿ ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರಬಾರದು, ಮಕ್ಕಳಂತೂ ಖಂಡಿತ ಬೇಡ.

ಬೆಂಡು, ಬಟ್ಟೆ, ಅಂಟು

ಬೆಂಡಿನಲ್ಲಿ ನಾಲ್ಕು ಜಾತಿ ಸಿಗುತ್ತದೆ. ಟಿವಿ ಡಬ್ಬಿಯಲ್ಲಿ ಬರುವ ಥರ್ಮೋಕೋಲ್ ಅಗ್ಗ. ಆದರೆ ಅದು ಸಾಬೂದಾನಿಯ ಹಾಗೆ ಮಣಿ ಮಣಿ, ಮಣಿಗಳ ನಡುವೆ ನೀರು ಸೇರುತ್ತದೆ. ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸುವ ಪಫ್ ಹಾಳೆ ಶಾಖ ತಡೆಯುವುದರಲ್ಲಿ ಗಟ್ಟಿಗ, ಆದರೆ ಗಾಡಿಯ ಕುಲುಕಾಟಕ್ಕೆ ಅದರ ಮೈ ಪುಡಿಯಾಗಿ ಸಿಪ್ಪೆ ಬಿಡುತ್ತದೆ. ಪಿವಿಸಿ ಫೋಮ್ ಎಲ್ಲಕ್ಕಿಂತ ಉತ್ತಮ, ದೋಣಿ ಕಟ್ಟುವವರು ಬಳಸುತ್ತಾರೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನಡುವಿನ ದಾರಿ ಎಕ್ಸ್‌ಪಿಎಸ್: ತಾರಸಿಯ ಬಿಸಿಲು ತಡೆಯಲು ಹಾಸುವ ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಹಾಳೆ. ಸಾಮಾನ್ಯವಾಗಿ 1250ಕ್ಕೆ 600 ಮಿ.ಮೀ. ಅಳತೆಯಲ್ಲಿ ಬರುತ್ತದೆ. ನನ್ನದು ಅದೇ.

ಈಗ ಬಹಳ ಮುಖ್ಯವಾದ ಮಾತು. ನಮ್ಮ ಊರುಗಳಲ್ಲಿ ನೀರಿನ ತೊಟ್ಟಿ, ಬಾತ್‌ರೂಂ ಬಾಗಿಲು, ಗಣಪತಿ ಮಂಟಪ ಮಾಡುವ ಫೈಬರ್ ಕೆಲಸದವರೆಲ್ಲ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಸ್ಟೈರೀನ್ ಇರುತ್ತದೆ, ಸ್ಟೈರೀನ್ ಥರ್ಮೋಕೋಲನ್ನೂ ಎಕ್ಸ್‌ಪಿಎಸ್ಸನ್ನೂ ಕರಗಿಸುತ್ತದೆ. ಒಂದು ಅಂಗಡಿಯಲ್ಲಿ "ಎಲ್ಲಕ್ಕೂ ಇದೇ ಸಾರ್" ಎಂದು ಕೊಟ್ಟಿದ್ದನ್ನು ಅಂಗೈಯಗಲದ ತುಂಡಿನ ಮೇಲೆ ಹಚ್ಚಿದೆ. ಐದು ನಿಮಿಷದಲ್ಲಿ ನೀಲಿ ಹಾಳೆ ಒಳಗೊಳಗೇ ಕುಸಿಯುತ್ತಾ, ಬೆಲ್ಲದ ಪಾಕದ ಹಾಗೆ ನೂಲೆಳೆ ಬಿಡುತ್ತಾ ಬಟ್ಟಲಾಯಿತು. ತುಂಡಿನ ಮೇಲೆ ನೋಡಿದ್ದು ಪುಣ್ಯ. ಎಕ್ಸ್‌ಪಿಎಸ್‌ಗೆ ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನೇ ಬೇಕು. ಪಿವಿಸಿ ಫೋಮ್ ಕೊಳ್ಳುವವರು ಪಾಲಿಯೆಸ್ಟರ್ ಬಳಸಬಹುದು. ಬಳಸುವುದಾದರೆ ಅದು ಗಟ್ಟಿಯಾಗಲು ಸೇರಿಸುವ ಕೋಬಾಲ್ಟ್ ದ್ರವ ಮತ್ತು ಹಾರ್ಡನರ್ ಎರಡನ್ನೂ ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ.

ಎಪಾಕ್ಸಿಗಳಲ್ಲಿ ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್ ಎಂಬ ಜೋಡಿ ಎಂಜಿನಿಯರಿಂಗ್ ಕಾಲೇಜು ಹುಡುಗರ ಪ್ರಾಜೆಕ್ಟುಗಳಲ್ಲಿ ಕಾಣುವಂಥದ್ದು. ತೂಕದಲ್ಲಿ 100ಕ್ಕೆ 10. ಬೇರೆ ಕಂಪನಿಯದಾದರೆ ಡಬ್ಬಿಯ ಮೇಲಿನ ಪ್ರಮಾಣವನ್ನೇ ಪಾಲಿಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವುದು ಪಾಲಿಯೆಸ್ಟರ್ ಕೆಲಸದವರ ಅಭ್ಯಾಸ. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ: ಹೆಚ್ಚಾದ ಹಾರ್ಡನರ್ ಹಾಗೆಯೇ ಉಳಿದು ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಆದರೆ ಅದನ್ನು ಮತ್ತೆ ಅಡುಗೆಮನೆಗೆ ಕೊಂಡೊಯ್ಯಬೇಡಿ.

ಬಟ್ಟೆ ಕೊಳ್ಳುವಾಗ ತೊಟ್ಟಿ ಮಾಡುವವರ ಚಾಪೆಯಂಥ ಮ್ಯಾಟ್ ಬೇಡ. ಅದು ತನ್ನ ತೂಕದ ಎರಡೂವರೆ ಪಾಲು ರೆಸಿನ್ ಕುಡಿಯುತ್ತದೆ. ನೇಯ್ದ ಬಟ್ಟೆ ತನ್ನಷ್ಟೇ ತೂಕ ಕುಡಿದು ಸುಮ್ಮನಾಗುತ್ತದೆ. ಗಿರಣಿಗಳ ಊರಿನವರಿಗೆ ಹಾಸು ಹೊಕ್ಕು ಹೇಳಿಕೊಡಬೇಕಿಲ್ಲ: ಎಳೆ ನೆಟ್ಟಗಿರುವ ಕಡೆಗೇ ಬಲ. ಈ ಪೆಟ್ಟಿಗೆಗೆ ಒಂದರ ಮೇಲೊಂದು ಬರುವ ಅಂಚುಗಳೂ ಸೇರಿ 19 ಕೆ.ಜಿ. ಬಟ್ಟೆ, ಹಾರ್ಡನರ್ ಸೇರಿ 35 ಕೆ.ಜಿ. ಎಪಾಕ್ಸಿ ಬೇಕಾಗುತ್ತದೆ. ಜೊತೆಗೆ ಹಿಟ್ಟಿನಂತೆ ಕಾಣುವ, ಬಹಳ ಹಗುರವಾದ ಮೈಕ್ರೋಬಲೂನ್ ಪುಡಿ (ಅತಿ ಚಿಕ್ಕ ಪೊಳ್ಳು ಮಣಿಗಳು), ಸಿಲಿಕಾ ಪುಡಿ, ನೈಟ್ರೈಲ್ ಕೈಗವಸು, ಎನ್ 95 ಮುಖಗವಸು, ಕನ್ನಡಕ.

ನಕ್ಷೆ

ಚಂದದ ಚಿತ್ರ ಬರೆಯುವ ಮೊದಲು ಗಾಡಿಯ ತೊಟ್ಟಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಅಂಟಿಸಿ ಮಾದರಿ ನಿಲ್ಲಿಸಿ, ಒಳಗೆ ಮಲಗಿ ನೋಡಿ. ನಾನು ಕಾಗದದ ಮೇಲೆ ನಿಲ್ಲುವ ಎತ್ತರ ಇಟ್ಟಿದ್ದೆ. ರಟ್ಟಿನ ಮಾದರಿ ನೋಡಿದ ಅಕ್ಕ "ಇದರೊಳಗೆ ನಿಂತು ಏನು ಮಾಡುತ್ತೀಯ?" ಎಂದು ಕೇಳಿದಳು. ಉತ್ತರವಿರಲಿಲ್ಲ. ಎತ್ತರದಿಂದ 300 ಮಿ.ಮೀ. ಇಳಿಯಿತು.

ಇಳಿಸಿದ್ದು ಎಷ್ಟು ಒಳ್ಳೆಯದಾಯಿತೆಂದು ಗಾಳಿಯ ಲೆಕ್ಕ ಹಾಕಿದಾಗ ತಿಳಿಯಿತು. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಅಡ್ಡಗಾಳಿ ನಮ್ಮ ಪೆಟ್ಟಿಗೆಯ ಬದಿಗೋಡೆಯನ್ನು ಸುಮಾರು 70 ಕೆ.ಜಿ. ಬಲದಿಂದ ತಳ್ಳುತ್ತದೆ. ಆ ತಳ್ಳು ಪೆಟ್ಟಿಗೆಯ ತಳದಿಂದ 0.8 ಮೀಟರ್ ಎತ್ತರದಲ್ಲಿ ಬೀಳುತ್ತದೆ. ಪೆಟ್ಟಿಗೆಯ 90 ಕೆ.ಜಿ. ತೂಕ ಅಂಚಿನಿಂದ 0.72 ಮೀಟರ್ ಒಳಗೆ ನಿಂತು ಅದನ್ನು ತಡೆಯುತ್ತದೆ. ಎರಡನ್ನೂ ಅವುಗಳ ದೂರದಿಂದ ಗುಣಿಸಿದರೆ ಮಗುಚುವ ಪಾಲು 56, ಹಿಡಿಯುವ ಪಾಲು 65. ಗಾಳಿ ಇನ್ನು ಐದಾರು ಕಿ.ಮೀ. ಏರಿದರೆ ಕಟ್ಟದ ಖಾಲಿ ಪೆಟ್ಟಿಗೆ ತನ್ನಷ್ಟಕ್ಕೇ ಎದ್ದೀತು. ಹಗುರ ಕಟ್ಟುವವರು ಇದನ್ನು ಮರೆಯುವಂತಿಲ್ಲ: ತೂಕ ಉಳಿಸಿದಷ್ಟೂ ಕಟ್ಟುವ ಕೊಂಡಿಯ ಮೇಲೆ ಭಾರ ಬೀಳುತ್ತದೆ.

ಬೆಂಡಿನ ದಪ್ಪದ ಬಗ್ಗೆ ಒಂದೇ ಸೂತ್ರ. ಸಿಪ್ಪೆ ಅದೇ ಇದ್ದು ಬೆಂಡಿನ ದಪ್ಪ ಎರಡು ಪಟ್ಟಾದರೆ ಹಲಗೆಯ ಬಿಗುವು ಸುಮಾರು ನಾಲ್ಕು ಪಟ್ಟಾಗುತ್ತದೆ. ಗೋಡೆ ಬಳುಕಿದರೆ ಇನ್ನೊಂದು ಪದರ ಬಟ್ಟೆ ಹಾಕುವ ಬದಲು ಬೆಂಡನ್ನು ದಪ್ಪ ಮಾಡಿ. ತೂಕ ಅಷ್ಟಾಗಿ ಏರುವುದಿಲ್ಲ, ತಂಪೂ ಹೆಚ್ಚುತ್ತದೆ. ಚಾವಣಿಗೆ ನಡುವಿನಲ್ಲಿ 25 ಮಿ.ಮೀ. ಉಬ್ಬು ಕೊಡಿ, ಇಲ್ಲದಿದ್ದರೆ ಮಳೆನೀರು ಕೆರೆಯಾಗಿ ಕೂರುತ್ತದೆ. ಉಬ್ಬು ಬರಿಸಲು 20 ಮಿ.ಮೀ.ನ ಎರಡು ಹಾಳೆಗಳನ್ನು ಮರದ ಕಮಾನಿನ ಮೇಲೆ ಬಾಗಿಸಿ ನಡುವೆ ಲೇಪ ಹಚ್ಚಿ. ಒಣಗಿದ ಮೇಲೆ ಬಾಗು ಹಾಗೆಯೇ ನಿಲ್ಲುತ್ತದೆ.

ಮೇಜು ಮತ್ತು ಹಲಗೆ

ಎಂಟು ಅಡಿ ಉದ್ದ, ಐದಡಿ ಅಗಲದ ಮಟ್ಟಸ ಮೇಜು ಬೇಕು. ಮೇಜು ಸೊಟ್ಟಗಿದ್ದರೆ ಗೋಡೆಯೂ ಸೊಟ್ಟ. ಗಾರೆಯವರ ರಸಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿ, ಮೇಲೆ ದಪ್ಪ ಪಾಲಿಥಿನ್ ಹಾಳೆ ಎಳೆದು ಬಿಗಿಯಿರಿ.

ಬೆಂಡಿನ ಹಾಳೆಗಳನ್ನು ಇಟ್ಟಿಗೆ ಕಟ್ಟುವ ಹಾಗೆ ಜೋಡು ತಪ್ಪಿಸಿ ಜೋಡಿಸಿ, ಅಂಚಿಗೆ ಎಪಾಕ್ಸಿ ಲೇಪ ಹಚ್ಚಿ ಒತ್ತಿ. ಬೋಲ್ಟು ಬರುವ ಕಡೆ, ಬಾಗಿಲಿನ ಕೀಲು ಕೂರುವ ಕಡೆ, ಎತ್ತುವ ಹಿಡಿಕೆಯ ಕಡೆ ಬೆಂಡನ್ನು ಕತ್ತರಿಸಿ ತೆಗೆದು ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತುಂಡು ಕೂರಿಸಿ. ಕೂರಿಸಿದ ಜಾಗಗಳ ಅಳತೆಯನ್ನು ಈಗಲೇ ಬರೆದಿಡಿ. ಸಿಪ್ಪೆ ಹಾಕಿ ಬಣ್ಣ ಬಳಿದ ಮೇಲೆ ಅವು ಎಲ್ಲಿವೆ ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಬೆಂಡಿನ ಮೈಯನ್ನು 40 ನಂಬರಿನ ಉಜ್ಜುಕಾಗದದಿಂದ ಪೂರ್ತಿ ಉಜ್ಜಿ. ಕಾರ್ಖಾನೆಯಿಂದ ಬಂದ ಹಾಳೆಯ ಮೇಲೊಂದು ನುಣುಪು ಪೊರೆ ಇರುತ್ತದೆ, ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹೊಳಪು ಒಂದು ಚೂರೂ ಉಳಿಯಬಾರದು. ಪುಡಿಯನ್ನು ಗುಡಿಸಿ, ಹೀರುಯಂತ್ರ ಇದ್ದರೆ ಅದರಿಂದ ಎಳೆಯಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಥಿನ್ನರ್ ಅಂತೂ ಬೇಡವೇ ಬೇಡ, ಬೆಂಡು ಕರಗುತ್ತದೆ.

ಬಟ್ಟೆ ಹಾಕುವ ದಿನ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದ ತೇವ ಎಪಾಕ್ಸಿಗೆ ಆಗದು. ಬೇಸಿಗೆಯಲ್ಲಿ ರೆಸಿನ್ ಕೈಗೆ ಸಿಗುವುದಿಲ್ಲ: ಉಷ್ಣತೆ 10 ಡಿಗ್ರಿ ಏರಿದರೆ ಕೆಲಸ ಮಾಡಲು ಸಿಗುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಒಂದು ಏಪ್ರಿಲ್ ಮಧ್ಯಾಹ್ನ ಹಟಕ್ಕೆ ಬಿದ್ದು 800 ಗ್ರಾಂ ಒಟ್ಟಿಗೆ ಮಗ್ಗಿನಲ್ಲಿ ಕಲಸಿದೆ. ಕುಂಚ ಹುಡುಕುವಷ್ಟರಲ್ಲಿ ಮಗ್ಗು ಬಿಸಿಯಾಯಿತು, ಅಂಚು ಬಾಗಿತು, ಹಳದಿ ಹೊಗೆ ಎದ್ದಿತು. ಮರಳಿನ ಗುಡ್ಡೆಯ ಮೇಲೆ ಎಸೆದೆ. ಸಂಜೆ ನೋಡಿದರೆ ಮಗ್ಗಿನ ಆಕಾರದ, ಬಿರುಕು ಬಿಟ್ಟ ಕಂದು ಕಲ್ಲು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ರಾಶಿಯಾಗಿದ್ದರೆ ಆ ಬಿಸಿಗೆ ಹೋಗಲು ದಾರಿ ಇರುವುದಿಲ್ಲ. ಒಮ್ಮೆಗೆ 300 ಗ್ರಾಂ ಮೀರಬೇಡಿ, ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ.

ಮಧ್ಯಾಹ್ನ ಮೂರರ ಸುಮಾರಿಗೆ ಶುರು ಮಾಡಿ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರುತ್ತಾ ಬೆಂಡಿನೊಳಗಿನ ಗಾಳಿ ಹಿಗ್ಗಿ ಸಿಪ್ಪೆಯಡಿ ಗುಳ್ಳೆ ಎಬ್ಬಿಸುತ್ತದೆ. ಇಳಿಹೊತ್ತಿನಲ್ಲಿ ಅದು ಕುಗ್ಗಿ ರೆಸಿನ್ನನ್ನು ಒಳಗೆಳೆದುಕೊಳ್ಳುತ್ತದೆ.

ಬೆಣ್ಣೆದೋಸೆಯ ಊರಿನವರಿಗೆ ಹದ ಹೇಳುವುದು ಸುಲಭ. ರೆಸಿನ್‌ಗೆ ಮೈಕ್ರೋಬಲೂನ್ ಪುಡಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತಂದರೆ ಅದು ಬೆಂಡಿಗೆ ಹಚ್ಚುವ ಲೇಪ. ಇನ್ನಷ್ಟು ಪುಡಿ ಮತ್ತು ಸ್ವಲ್ಪ ಸಿಲಿಕಾ ಸೇರಿಸಿ, ಕರಣೆಯಿಂದ ಜಾರದ ಬೆಣ್ಣೆಯ ಹದಕ್ಕೆ ತಂದರೆ ಅದು ಮೂಲೆ ತುಂಬುವ ಪುಟ್ಟಿ. ದೋಸೆ ಹದದ್ದನ್ನು ರಬ್ಬರ್ ಪಟ್ಟಿಯಿಂದ ಬೆಂಡಿನ ಮೇಲೆ ಎಳೆದು, ರಂಧ್ರ ಮುಚ್ಚುವಷ್ಟು ಬಿಟ್ಟು ಉಳಿದದ್ದನ್ನು ಹೆರೆದು ತೆಗೆಯಿರಿ. ಅದು ಹಸಿಯಿರುವಾಗಲೇ ಬಟ್ಟೆ ಹಾಸಬೇಕು.

ಬಟ್ಟೆಯನ್ನು ಮೊದಲೇ ಕತ್ತರಿಸಿ, ಪೈಪಿಗೆ ಸುತ್ತಿಟ್ಟಿರಬೇಕು. ಇಬ್ಬರು ಎರಡು ತುದಿ ಹಿಡಿದು ಸುಕ್ಕಿಲ್ಲದೆ ಬಿಡಿಸಿ. ಮೇಲೆ ರೆಸಿನ್ ಸುರಿದು ನಡುವಿನಿಂದ ಅಂಚಿಗೆ ರಬ್ಬರ್ ಪಟ್ಟಿಯಿಂದ ಎಳೆಯಿರಿ. ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ ನೀಲಿ ಬೆಂಡು ಕಾಣತೊಡಗುತ್ತದೆ. ಅಲ್ಲಲ್ಲಿ ಬಿಳಿ ಉಳಿದಿದ್ದರೆ ಅಲ್ಲಿಗೆ ರೆಸಿನ್ ಸಾಲದು, ಕನ್ನಡಿಯಂತೆ ಹೊಳೆದರೆ ರೆಸಿನ್ ಹೆಚ್ಚಾಗಿದೆ. ನೇಯ್ಗೆ ಎದ್ದು ಕಾಣುತ್ತಾ, ಮಂಕು ಮಂಕಾಗಿ, ಒದ್ದೆ ಕಂಬಳಿಯ ಹಾಗೆ ಕಂಡರೆ ಅದೇ ಸರಿಯಾದ ಹದ. ಹೆಚ್ಚಾದದ್ದನ್ನು ಎಳೆದು ಮುಂದಿನ ಹಲಗೆಗೆ ಬಳಸಿ.

ಕೊನೆಗೆ ಮೇಲೊಂದು ಲೇಪನವಿಲ್ಲದ ನೈಲಾನ್ ಬಟ್ಟೆ ಹಾಸಿ ಒತ್ತಿ. ಫೈಬರ್ ಕೆಲಸದವರು ಇದನ್ನು ಪೀಲ್ ಪ್ಲೈ ಎನ್ನುತ್ತಾರೆ. ಮರುದಿನ ಅದನ್ನು ಕಿತ್ತರೆ ಕೆಳಗಿನ ಮೈ ಒಂದೇ ಸಮ ಒರಟಾಗಿ, ಮುಂದಿನ ಅಂಟಿಗೆ ಸಿದ್ಧವಾಗಿರುತ್ತದೆ. ಅಂಗಡಿಯ ಬಟ್ಟೆ ಕಿತ್ತು ಬರುತ್ತದೋ ಇಲ್ಲವೋ ಎಂದು ಮೊದಲು ತುಂಡಿನ ಮೇಲೆ ನೋಡಿ.

ಇದನ್ನೇ ನಾನು ಮೊದಲ ವರ್ಷ ಉಳಿತಾಯವೆಂದು ಬಿಟ್ಟಿದ್ದು. ಎಪಾಕ್ಸಿ ಗಟ್ಟಿಯಾಗುವಾಗ ಗಾಳಿಯ ತೇವ ಹೆಚ್ಚಿದ್ದರೆ ಹಾರ್ಡನರ್ ಆ ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ, ಬೆರಳಿಗೆ ಜಿಡ್ಡು ಎನಿಸುವ ಪೊರೆ ಬಿಡುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ನಾನು ಅದರ ಮೇಲೆ ಉಜ್ಜುಕಾಗದ ಹಾಕಿ ಉಜ್ಜಿದೆ, ಜಿಡ್ಡು ಹೋಗಲಿಲ್ಲ, ಹರಡಿತು. ಅದರ ಮೇಲೆ ಎರಡನೆಯ ಪದರ ಹಾಕಿದೆ. ಗಾಡಿಯಲ್ಲಿ ಒಂದು ವಾರ ಕುಲುಕಿದ ಮೇಲೆ ಆ ಪದರ ಅಂಚಿನಿಂದ ಎದ್ದಿತು. ಬೆರಳಿಟ್ಟು ಎಳೆದರೆ ಹಲಸಿನ ತೊಳೆ ಬಿಡಿಸಿದಷ್ಟು ಸಲೀಸಾಗಿ ಬಂತು. ಈ ಪೊರೆ ನೀರಿಗೆ ಕರಗುತ್ತದೆ. ಆದ್ದರಿಂದ ಕ್ರಮ ಹೀಗೆ: ಮೊದಲು ಬರಿ ನೀರು, ಪಾತ್ರೆ ತಿಕ್ಕುವ ಒರಟು ಸ್ಪಂಜು, ಒರೆಸಿ ಒಣಗಿಸಿ, ಆಮೇಲೆ ಉಜ್ಜುಕಾಗದ. ಪೀಲ್ ಪ್ಲೈ ಹಾಕಿದ್ದರೆ ಜಿಡ್ಡು ಅದರೊಂದಿಗೇ ಕಿತ್ತು ಬರುತ್ತದೆ.

ಕೈಗೆ ರೆಸಿನ್ ತಾಗಿದರೆ ಥಿನ್ನರ್ ಮುಟ್ಟಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೆ ತಳ್ಳುತ್ತದೆ. ಒರೆಸಿ ಸೋಪು ಹಾಕಿ ತೊಳೆಯಿರಿ. ಎಪಾಕ್ಸಿಗೆ ಒಮ್ಮೆ ಮೈ ಒಗ್ಗದಂತಾದರೆ ಆಮೇಲೆ ಜೀವನಪೂರ್ತಿ ಅದರ ಹತ್ತಿರ ಹೋಗಲಾಗುವುದಿಲ್ಲ.

ಪೆಟ್ಟಿಗೆ ಕೂಡಿಸುವುದು

ಎಲ್ಲ ಹಲಗೆಗಳಿಗೂ ಮೇಜಿನ ಮೇಲೆ ಒಳಸಿಪ್ಪೆ ಮಾತ್ರ ಹಾಕಿ. ಒಂದೇ ಬದಿಗೆ ಸಿಪ್ಪೆ ಬಿದ್ದ ಹಲಗೆ ದೋಣಿಯಂತೆ ಬಾಗಲು ನೋಡುತ್ತದೆ, ಹಾಗಾಗಿ ಪೂರ್ತಿ ಗಟ್ಟಿಯಾಗುವವರೆಗೆ ಮೇಲೆ ಹಲಗೆ, ಇಟ್ಟಿಗೆ ಹೇರಿ ಬೇಗನೆ ಪೆಟ್ಟಿಗೆಯಾಗಿ ಕೂಡಿಸಿ. ನೆಲಕ್ಕೆ ಮಾತ್ರ ಒಳಗೂ ಎರಡು ಪದರ, ಮೊಣಕಾಲು ಹಿಮ್ಮಡಿಗಳ ಭಾರ ತಡೆಯಬೇಕಲ್ಲ.

ಗೋಡೆಗಳನ್ನು ಬೆಣ್ಣೆ ಹದದ ಪುಟ್ಟಿಯಿಂದ ನಿಲ್ಲಿಸಿ, ಮೂಲೆಮಟ್ಟ ಇಟ್ಟು ನೋಡಿ, ಎದುರು ಮೂಲೆಗಳ ನಡುವಿನ ಅಳತೆ ಎರಡೂ ಕಡೆ ಒಂದೇ ಇರುವಂತೆ ಹಗ್ಗದಿಂದ ಬಿಗಿಯಿರಿ. ಒಳಮೂಲೆಗೆ ಪುಟ್ಟಿ ತುಂಬಿ ಹಳೆಯ ಚಮಚದ ಹಿಂಬದಿಯಿಂದ ಗುಂಡಗೆ ಎಳೆಯಿರಿ. ಚೂಪಾದ ಮೂಲೆಯಲ್ಲಿ ಗಾಜಿನ ಬಟ್ಟೆ ಕೂರುವುದಿಲ್ಲ, ಗಾಳಿ ಹಿಡಿದು ಪೊಳ್ಳಾಗುತ್ತದೆ. ಹೊರ ಅಂಚನ್ನೂ 20 ಮಿ.ಮೀ. ತ್ರಿಜ್ಯಕ್ಕೆ ಉಜ್ಜಿ ಗುಂಡಗೆ ಮಾಡಿ. ಮೂಲೆಯ ಪಟ್ಟಿಗಳನ್ನು ಎಳೆಗೆ 45 ಡಿಗ್ರಿ ಓರೆಯಾಗಿ, ದರ್ಜಿಗಳು ಕ್ರಾಸ್ ಎನ್ನುವ ಹಾಗೆ ಕತ್ತರಿಸಿ. ಆಗ ಪ್ರತಿ ಎಳೆಯೂ ಮೂಲೆಯನ್ನು ದಾಟಿ ಎರಡೂ ಗೋಡೆಗಳನ್ನು ಹಿಡಿಯುತ್ತದೆ, ಬಟ್ಟೆಯೂ ಮುನಿಸಿಲ್ಲದೆ ಬಾಗುತ್ತದೆ. 75, 100, 150 ಮಿ.ಮೀ. ಅಗಲದ ಮೂರು ಪಟ್ಟಿ ಒಂದರ ಮೇಲೊಂದು.

ಹೊರಸಿಪ್ಪೆಯನ್ನು ನಿಂತ ಗೋಡೆಗೆ ಹಾಕಲು ಹೋಗಬೇಡಿ. ಒದ್ದೆ ಬಟ್ಟೆ ಸೀರೆಯ ಸೆರಗಿನಂತೆ ಜಾರುತ್ತದೆ. ಈ ಹಂತದಲ್ಲಿ ಪೆಟ್ಟಿಗೆ 60 ಕೆ.ಜಿ. ಕೂಡ ಇರುವುದಿಲ್ಲ. ನಾಲ್ವರು ಹಿಡಿದು ಮಗುಚಿದರೆ ಪ್ರತಿ ಗೋಡೆಯೂ ಸರದಿಯಂತೆ ಮೇಜಾಗುತ್ತದೆ. ದಿನಕ್ಕೊಂದು ಮೈ, ಪ್ರತಿ ಮೈಯ ಬಟ್ಟೆ ಪಕ್ಕದ ಮೈಗೆ 100 ಮಿ.ಮೀ. ಇಳಿದು ಬರಲಿ. ನಮ್ಮ ಬೀದಿಯ ಮಕ್ಕಳು ಆ ವಾರವೆಲ್ಲ ಬಂದು ಐಸ್‌ಕ್ರೀಂ ಮಾರುವುದು ಯಾವಾಗಿನಿಂದ ಎಂದು ಕೇಳುತ್ತಿದ್ದರು.

ಕಿಟಕಿ, ಬಾಗಿಲು, ಬೋಲ್ಟು

ಎರಡೂ ಸಿಪ್ಪೆ ಗಟ್ಟಿಯಾದ ಮೇಲಷ್ಟೇ ಕತ್ತರಿಸಿ. ಕಿಟಕಿಯ ಮೂಲೆ ಗುಂಡಗಿರಲಿ, ಚೌಕ ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಕತ್ತರಿಸಿದ ಅಂಚಿನಲ್ಲಿ ಬೆಂಡನ್ನು 20 ಮಿ.ಮೀ. ಒಳಗೆ ಕೆರೆದು ಪುಟ್ಟಿ ತುಂಬಿ ಮುಚ್ಚಿ. ಬಾಡಿ ಕಟ್ಟುವ ಶೆಡ್‌ಗಳಲ್ಲಿ ಸಿಗುವ ಜಾರುವ ಬಸ್ ಕಿಟಕಿ ಚೆನ್ನಾಗಿ ಹೊಂದುತ್ತದೆ.

ಬೋಲ್ಟಿನ ವಿಷಯದಲ್ಲಿ ಸೋಮಾರಿತನ ಬೇಡ. ಬೆಂಡಿನ ಗೋಡೆಗೆ ನೇರವಾಗಿ ಬೋಲ್ಟ್ ಬಿಗಿದರೆ ಸಿಪ್ಪೆ ಒಳಕ್ಕೆ ಕುಸಿಯುತ್ತದೆ. ಪ್ಲೈವುಡ್ ಇಟ್ಟ ಜಾಗದಲ್ಲೂ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಸಿಲಿಕಾ ಬೆರೆಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಳತೆಗೆ ಮತ್ತೆ ಕೊರೆಯಿರಿ. ಬೋಲ್ಟಿನ ಸುತ್ತ ಮರ ಕಾಣದಿದ್ದರೆ ನೀರಿಗೆ ದಾರಿಯಿಲ್ಲ.

ಬಿಸಿಲು ಮತ್ತು ಬಣ್ಣ

ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಮೈ 70 ದಾಟುವುದು ಕಷ್ಟವೇನಲ್ಲ. ಆದ್ದರಿಂದ ಬಣ್ಣ ಬಿಳಿಯೇ. ಭಾವನಿಗೆ ಕಡು ಹಸಿರು ಬೇಕಿತ್ತು. ಬಾಗಿಲಿಗೊಂದು ಪಟ್ಟಿ ಎಳೆದು ರಾಜಿಯಾದೆವು. ಬಣ್ಣಕ್ಕೆ ಮೊದಲು ಪೆಟ್ಟಿಗೆಯನ್ನು ಫೆಬ್ರುವರಿಯ ಬಿಸಿಲಿನಲ್ಲಿ ಟಾರ್ಪಾಲಿನ್ ಮುಚ್ಚಿ ಮೂರು ದಿನ ಬಿಡಿ. ನಿಧಾನವಾಗಿ 50 ಡಿಗ್ರಿವರೆಗೆ ಕಾದರೆ ಎಪಾಕ್ಸಿ ಇನ್ನಷ್ಟು ಪಕ್ವವಾಗಿ ಮುಂದೆ ಹೆಚ್ಚು ಬಿಸಿ ತಡೆಯುತ್ತದೆ. ಒಳಗೆ ಥರ್ಮಾಮೀಟರ್ ಇಡಿ, 55 ಮುಟ್ಟಿದರೆ ಟಾರ್ಪಾಲಿನ್ ಎತ್ತಿ. ಎಕ್ಸ್‌ಪಿಎಸ್ 75ರ ಸುಮಾರಿಗೆ ಕೈಕೊಡುತ್ತದೆ. ಎಪಾಕ್ಸಿಗೆ ನೇರ ಬಿಸಿಲು ಆಗದು, ಹಳದಿಯಾಗಿ ಪುಡಿಯುದುರುತ್ತದೆ. ಪ್ರೈಮರ್, ಮೇಲೆ ಎರಡು ಕೋಟ್ ಪಿಯು (ಪಾಲಿಯುರೆಥೇನ್) ಬಣ್ಣ ಕಡ್ಡಾಯ.

ಕಟ್ಟುವುದು, ಉಸಿರಾಡುವುದು

ತೊಟ್ಟಿಯ ಏಣುಗಳ ಮೇಲೆ 10 ಮಿ.ಮೀ. ರಬ್ಬರ್ ಹಾಳೆ ಹಾಸಿ ಪೆಟ್ಟಿಗೆ ಇಳಿಸಿ. ನಾಲ್ಕು ಕೆಳಮೂಲೆಗಳ ಕೊಂಡಿ ಬೋಲ್ಟುಗಳಿಗೆ ಒಳಗಿನಿಂದ 3 ಮಿ.ಮೀ. ಉಕ್ಕಿನ ಫಲಕ ಕೊಟ್ಟು, ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಮೂಲಕ ತೊಟ್ಟಿಯ ಕೊಕ್ಕೆಗಳಿಗೆ ಬಿಗಿಯಿರಿ. ಮೇಲೆ ಎರಡು ರ‍್ಯಾಚೆಟ್ ಪಟ್ಟಿ. ಐವತ್ತು ಕಿ.ಮೀ. ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಿರಿ, ರಬ್ಬರ್ ಕುಳಿತು ಸಡಿಲವಾಗಿರುತ್ತದೆ.

ಎಕ್ಸ್‌ಪಿಎಸ್ ಹೊತ್ತಿಕೊಳ್ಳುವ ವಸ್ತು, ಉರಿದರೆ ದಟ್ಟ ಕಪ್ಪು ಹೊಗೆ. ಒಳಗೆ ಒಲೆ, ಸೊಳ್ಳೆಬತ್ತಿ, ಊದುಬತ್ತಿ ಯಾವುದೂ ಬೇಡ. ಅಡುಗೆ ಹೊರಗೆ. ಬಾಗಿಲಿನ ಎದುರು ಬದಿಯ ಕಿಟಕಿ ಆಳು ನುಸುಳುವಷ್ಟು ದೊಡ್ಡದಿರಲಿ, ಒಳಗಿನಿಂದ ತೆರೆಯುವಂತಿರಲಿ. ಗಾಳಿಗೆ ಕೆಳಗೊಂದು, ಮೇಲೊಂದು ಮುಚ್ಚಲಾಗದ ಕಿಂಡಿ ಬಿಡಿ. ಈ ಗೋಡೆಗಳಲ್ಲಿ ಸಂದು ಇರುವುದಿಲ್ಲವಾದ್ದರಿಂದ ಇಬ್ಬರ ಉಸಿರಿಗೆ ರಾತ್ರಿ ಚಾವಣಿಯೇ ತೊಟ್ಟಿಕ್ಕುತ್ತದೆ. ದೀಪಕ್ಕೆ ಪುಟ್ಟ ಬ್ಯಾಟರಿ ಬೇರೆಯಾಗಿಯೇ ಇಡಿ, ಗಾಡಿಯ ವೈರಿಗೆ ಕೈ ಹಾಕಬೇಡಿ.

ಮೊದಲ ಓಟ

ನಾವು ಮೊದಲು ಹೋದದ್ದು ಚಿತ್ರದುರ್ಗ ದಾಟಿ ಹಿರಿಯೂರಿನ ಬಳಿಯ ಮಾರಿಕಣಿವೆ ಅಣೆಕಟ್ಟಿಗೆ. ಹೋಗುವ ಮುನ್ನ ಮತ್ತು ಬಂದ ಮೇಲೆ ಒಂದು ರೂಪಾಯಿ ನಾಣ್ಯದಿಂದ ಇಡೀ ಪೆಟ್ಟಿಗೆಯನ್ನು ಗೇಣಿಗೊಮ್ಮೆ ತಟ್ಟಿ ನೋಡಿದೆ. ಸಿಪ್ಪೆ ಹಿಡಿದಿರುವ ಕಡೆ ಟಕ್ ಟಕ್ ಎಂದು ಚುರುಕಾದ ಸದ್ದು. ಬಿಟ್ಟಿರುವ ಕಡೆ ಒಡೆದ ಮಡಕೆಯಂತೆ ಡಬ್ ಎನ್ನುತ್ತದೆ. ಇನ್ನೂರು ಕಿ.ಮೀ. ದಾಟಿದ ಓಟದ ನಂತರ ಹಿಂದಿನ ಎಡಚಕ್ರದ ನೇರಕ್ಕೆ, ನೆಲದ ಒಳಮೈಯಲ್ಲಿ ಅಂಗೈಯಷ್ಟು ಜಾಗ ಡಬ್ ಎಂದಿತು. ಪೆನ್ಸಿಲ್ಲಿನಿಂದ ಗೆರೆ ಎಳೆದು ಗುರುತು ಮಾಡಿದೆ. ಎರಡು ತುದಿಯಲ್ಲಿ 3 ಮಿ.ಮೀ.ನ ಎರಡು ತೂತು ಕೊರೆದು, ಔಷಧಿ ಅಂಗಡಿಯ ಸಿರಿಂಜಿನಿಂದ ಒಂದರಲ್ಲಿ ಎಪಾಕ್ಸಿ ಇಳಿಸಿದೆ. ಇನ್ನೊಂದರಿಂದ ಮೊದಲು ಗಾಳಿಯ ಗುಳ್ಳೆ, ಆಮೇಲೆ ರೆಸಿನ್ ಬಂತು. ಮೇಲೆ ಪಾಲಿಥಿನ್, ಅದರ ಮೇಲೆ ನಾಲ್ಕು ಇಟ್ಟಿಗೆ. ಮರುದಿನ ಬೆಳಿಗ್ಗೆ ನಾಣ್ಯ ಹಿಡಿದು ತಟ್ಟಿದರೆ ಟಕ್ ಎಂದಿತು. ಪೆನ್ಸಿಲ್ ಗೆರೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಪ್ರತಿ ಓಟದ ನಂತರ ಮೊದಲು ತಟ್ಟುವುದು ಅಲ್ಲಿಯೇ.